ಯಾರ ಗಡಿಯಾರದ ಪ್ರಕಾರ

ನನ್ನ ಅಪ್ಪ ಪುಣೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದರು. ಮೂಲ ಧಾರವಾಡ, ಕಾಲೇಜು ಓದಲು ಬಂದು ಇಲ್ಲಿಯೇ ನಿಂತವರು. ಸದಾಶಿವ ಪೇಟೆಯಲ್ಲಿ ಹಲವು ಬಿಡಾರಗಳಿದ್ದ ಒಂದು ವಾಡೆಯ ಮೇಲಂತಸ್ತಿನಲ್ಲಿ ನಮಗೆ ಮೂರು ಕೋಣೆಗಳಿದ್ದವು. ಹೊಸ್ತಿಲಿನ ಹೊರಗೆ ಮರಾಠಿ, ಒಳಗೆ ಕನ್ನಡ. ಅಂಗಳದ ನಲ್ಲಿಯ ಹತ್ತಿರ ಅವ್ವ ನೆರೆಯವರೊಂದಿಗೆ ಅಪ್ಪಟ ಮರಾಠಿಯಲ್ಲಿ ಜಗಳವಾಡಿ, ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದ ಮೇಲೆ ಅದೇ ಜಗಳವನ್ನು ನಮಗಾಗಿ ಕನ್ನಡದಲ್ಲಿ ಇನ್ನೊಮ್ಮೆ ಆಡಿ ತೋರಿಸುತ್ತಿದ್ದಳು. ಕನ್ನಡದ ಜಗಳದಲ್ಲಿ ಅವಳೇ ಗೆಲ್ಲುತ್ತಿದ್ದಳು.

ನನಗೊಬ್ಬ ಅಣ್ಣನಿದ್ದ. ಅವನನ್ನು ನಾನು ನೋಡಿದ್ದೇನೆ, ಆದರೆ ನೆನಪಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಅವನು ಪ್ಲೇಗಿಗೆ ಹೋದ. ಅವನಿಗೆ ಎಂಟು ವರ್ಷ, ನನಗೆ ಒಂದೂವರೆ. ಆ ದಿನಗಳಲ್ಲಿ ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಮನೆ ಬಿಟ್ಟು ಊರ ಹೊರಗಿನ ಹೊಲಗಳಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ನಮ್ಮ ವಾಡೆಯವರು ಭಾಂಬುರ್ಡೆಯ ಹೊಲಕ್ಕೆ ಹೋದರು. ಈಗ ಶಿವಾಜಿನಗರ ಎನ್ನುವುದು ಅದನ್ನೇ. ನಮ್ಮ ಮನೆಯವರು ಮಾತ್ರ ಎರಡು ದಿನ ತಡವಾಗಿ ಹೋದರು. ಪರೀಕ್ಷೆಯ ಪೇಪರು ತಿದ್ದುವುದು ಮುಗಿದಿಲ್ಲವೆಂದು ಅಪ್ಪ ತಡಮಾಡಿದರಂತೆ. ಹೊಲಕ್ಕೆ ಹೋದ ಮೂರನೆಯ ದಿನ ಅಣ್ಣನಿಗೆ ಜ್ವರ ಬಂತು, ತೊಡೆಯ ಸಂದಿನಲ್ಲಿ ಗಂಟೆದ್ದಿತು. ಐದನೆಯ ದಿನ ಎಲ್ಲ ಮುಗಿಯಿತು.

ಧಾರವಾಡದಿಂದ ಬಂದ ನಂಟರೆಲ್ಲ ಆ ಎರಡು ದಿನಗಳ ಮಾತು ಆಡುತ್ತಿದ್ದರು. ನನ್ನ ಸೋದರತ್ತೆಯಂತೂ ಅಪ್ಪನ ಎದುರಿಗೇ, "ಪೇಪರ್ ತಿದ್ದಿಕೋತ ಕೂತ, ಮಗನ್ನ ಕಳಕೊಂಡ" ಎನ್ನುತ್ತಿದ್ದಳು. ಅಪ್ಪ ಒಮ್ಮೆಯೂ ಎದುರಾಡಿದ್ದನ್ನು ನಾನು ಕೇಳಲಿಲ್ಲ.

ಯುದ್ಧ ಮುಗಿದ ಮರುವರ್ಷ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಗ್ರಹಣದ ಹೊತ್ತಿನಲ್ಲಿ ತೆಗೆದ ಚಿತ್ರಗಳಲ್ಲಿ ಸೂರ್ಯನ ಪಕ್ಕದ ನಕ್ಷತ್ರಗಳು ತುಸು ಸರಿದು ಕಂಡವು, ಬೆಳಕು ಬಾಗುತ್ತದೆ, ಆದ್ದರಿಂದ ಸಾಪೇಕ್ಷ ಸಿದ್ಧಾಂತ ನಿಜವಾಯಿತು ಎಂದು. ಅಪ್ಪ ಮುಂಬಯಿಯಿಂದ ಒಂದು ಪುಸ್ತಕ ತರಿಸಿಕೊಂಡರು. ಅದನ್ನು ಪೂರ್ತಿ ಬಗೆಹರಿಸಿಕೊಳ್ಳಲು ಅವರಿಗೆ ಎರಡು ವರ್ಷ ಹಿಡಿಯಿತು. ಆಮೇಲೆ ಆ ಸಿದ್ಧಾಂತ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಊಟಕ್ಕೆ ಕೂಡತೊಡಗಿತು. ಬೇರೆ ಮಕ್ಕಳಿಗೆ ಅಪ್ಪಂದಿರು ನೀತಿಕತೆ ಹೇಳುತ್ತಿದ್ದರೆ ನನಗೆ ಅಪ್ಪ ರೈಲಿನ ಕತೆ ಹೇಳುತ್ತಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ನಿಂತವನಿಗೆ ಎರಡು ಸಂಗತಿ ಒಟ್ಟಿಗೆ ಆದಂತೆ ಕಂಡರೆ, ಓಡುವ ಗಾಡಿಯಲ್ಲಿ ಕೂತವನಿಗೆ ಅವು ಒಂದರ ಹಿಂದೊಂದು ಆದವು. ಇಬ್ಬರ ಗಡಿಯಾರವೂ ಸರಿ. ಜಗತ್ತಿಗೆಲ್ಲ ಸಲ್ಲುವ ಒಂದೇ 'ಈಗ' ಎನ್ನುವುದು ಇಲ್ಲ.

"ಹಂಗಾದ್ರ ಅಪ್ಪಾ, ಹಿಂದ ಆಗಿದ್ದು ಎಲ್ಲಿ ಹೋಗ್ತದರೀ?" ಎಂದು ನಾನು ಕೇಳಿದ್ದೆ. ನನಗಾಗ ಹನ್ನೊಂದೋ ಹನ್ನೆರಡೋ.

"ಎಲ್ಲೂ ಹೋಗಂಗಿಲ್ಲ. ನಾವು ಧಾರವಾಡಕ್ಕ ಹೊಂಟಾಗ ಗಾಡಿ ಮಿರಜ ಬಿಡ್ತದಲ್ಲಾ, ಮಿರಜ ಅಳಿಸಿ ಹೋತೇನು? ನಮಗ ಕಾಣಂಗಿಲ್ಲ, ಅಷ್ಟ."

ಅವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ಆಗ ನನಗೆ ತಿಳಿಯಲಿಲ್ಲ. ಒಲೆಯ ಮುಂದೆ ಕೂತಿದ್ದ ಅವ್ವನಿಗೆ ತಿಳಿದಿರಬೇಕು. ಅವಳು ಎದ್ದು ಹೊರಗೆ ಹೋದಳು.

ಭೌತಶಾಸ್ತ್ರ ಓದುತ್ತೇನೆಂದು ನಾನು ಹಟ ಹಿಡಿದಾಗ ಬೇಡವೆಂದವಳು ಅವ್ವ, ಹೂಂ ಎಂದವರು ಅಪ್ಪ. ಬಿ.ಎಸ್ಸಿ. ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಮುಂದಿನ ಬೆಂಚಿನ ಒಂದು ತುದಿ ನನ್ನದು, ಉಳಿದ ಬೆಂಚು ಖಾಲಿ. ನಮಗೆ ಕಲಿಸಿದ ಪ್ರೊಫೆಸರರು ಮರಾಠಿಯವರು, ನಲವತ್ತರೊಳಗಿನವರು, ಇಂಗ್ಲೆಂಡಿನಲ್ಲಿ ಮೂರು ವರ್ಷ ಇದ್ದು ಬಂದವರು. ಕರಿಹಲಗೆಯ ಮುಂದೆ ನಿಂತರೆ ಕೋಟಿನ ತೋಳೆಲ್ಲ ಸುಣ್ಣದಪುಡಿ. ಕ್ವಾಂಟಂ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಪಠ್ಯದಲ್ಲಿ ಅದು ಇದ್ದದ್ದು ಅಷ್ಟಕ್ಕಷ್ಟೆ. ಆದರೆ ಅವರು ಪಾಠ ಬೇಗ ಮುಗಿಸಿ, ಉಳಿದ ಹೊತ್ತಿನಲ್ಲಿ ಅದನ್ನೇ ಹೇಳುತ್ತಿದ್ದರು.

ನಮ್ಮ ಪ್ರಯೋಗಾಲಯದಲ್ಲಿ ಬೆರಳುದ್ದದ ಒಂದು ಹಿತ್ತಾಳೆಯ ಕೊಳವೆ ಇತ್ತು. ಒಂದು ತುದಿಗೆ ಭೂತಗನ್ನಡಿ, ಇನ್ನೊಂದು ತುದಿಗೆ ಹೊಳಪಿನ ಲೇಪ ಕೊಟ್ಟ ಸಣ್ಣ ಪರದೆ, ಪರದೆಯ ಎದುರಿಗೆ ಸೂಜಿಯ ಮೊನೆಯಲ್ಲಿ ಕಣ್ಣಿಗೆ ಕಾಣದಷ್ಟು ರೇಡಿಯಂ. ಕತ್ತಲೆಯ ಕೋಣೆಯಲ್ಲಿ ಹದಿನೈದು ನಿಮಿಷ ಸುಮ್ಮನೆ ಕೂತು ಕಣ್ಣು ಹದಕ್ಕೆ ಬಂದ ಮೇಲೆ ಅದರೊಳಗೆ ನೋಡಬೇಕು. ಕಿಡಿಗಳು ಕಾಣುತ್ತವೆ. ಇಲ್ಲೊಂದು, ಅಲ್ಲೊಂದು, ಒಮ್ಮೆಲೇ ಮೂರು, ಆಮೇಲೆ ತುಸು ಹೊತ್ತು ಏನೂ ಇಲ್ಲ. ಒಂದೊಂದು ಕಿಡಿ ಎಂದರೆ ಒಂದೊಂದು ಪರಮಾಣು ಒಡೆದದ್ದು.

"ಎಲ್ಲಾ ಪರಮಾಣುಗಳೂ ಒಂದೇ ತರಹ," ಎಂದರು ಪ್ರೊಫೆಸರರು. "ಎಳ್ಳಷ್ಟೂ ವ್ಯತ್ಯಾಸವಿಲ್ಲ. ಒಂದು ಈ ಕ್ಷಣ ಒಡೆಯುತ್ತದೆ, ಪಕ್ಕದ್ದು ಸಾವಿರ ವರ್ಷ ಹಾಗೇ ಇರುತ್ತದೆ. ಇದೇ ಯಾಕೆ, ಅದು ಯಾಕಲ್ಲ? ಕಾರಣವಿಲ್ಲ. ನಮಗೆ ಗೊತ್ತಾಗಿಲ್ಲ ಎಂದಲ್ಲ. ಕಾರಣವೇ ಇಲ್ಲ."

ಆ ಮಾತು ಕೇಳಿದ ದಿನ ನಾನು ನದಿಯ ಮೇಲಿನ ಲಕಡಿ ಪೂಲು ದಾಟಿ ಮನೆಗೆ ನಡೆದದ್ದು ನೆಲದ ಮೇಲಲ್ಲ. ಇಪ್ಪತ್ತು ವರ್ಷದವರಿಗೆ ಹೊಸ ಮಾತು ಸಿಕ್ಕರೆ ಹಾಗೆಯೇ. ಮನೆ ಮುಟ್ಟುವುದರೊಳಗೆ ಅದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಮೂರು ಬಗೆಯಲ್ಲಿ ಯೋಚಿಸಿದ್ದೆ.

ಅಪ್ಪ ಕೇಳಿ ನಕ್ಕರು. "ಸಾಪೇಕ್ಷ ಸಿದ್ಧಾಂತ ಕೊಟ್ಟವರೇ ಇದನ್ನ ಒಪ್ಪಿಲ್ಲ. ಇದು ಅರ್ಧಕ್ಕ ನಿಂತ ಶಾಸ್ತ್ರ ಅಂತ ಬರದಾರ. ಪೇಪರನ್ಯಾಗ ಓದೀನಿ."

"ಅರ್ಧಕ್ಕ ನಿಂತಿಲ್ರೀ ಅಪ್ಪಾ. ಲೆಕ್ಕ ಹಾಕಿದ್ದೆಲ್ಲಾ ಬರೋಬ್ಬರಿ ಬರ್ತದ."

"ಲೆಕ್ಕ ಬರ್ತದಂದ್ರ ಅರ್ಥ ಆತು ಅಂತಲ್ಲ. ನಿಮ್ಮ ಪ್ರೊಫೆಸರನ್ನ ಒಂದು ದಿವಸ ಭೆಟ್ಟಿ ಮಾಡಸು."

ಹೀಗೆ ಅಪ್ಪ ಕಾಲೇಜಿಗೆ ಬಂದರು. ರವಿವಾರ, ಬೆಳಗಿನ ಹನ್ನೊಂದು ಗಂಟೆ; ಕರಿ ಕೋಟು, ರುಮಾಲು, ಕೈಯಲ್ಲಿ ಕೊಡೆ. ಪ್ರೊಫೆಸರರು ಅವರನ್ನು ಕತ್ತಲೆಯ ಕೋಣೆಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂಡಿಸಿದರು. ನಾನು ಬಾಗಿಲಿನ ಹತ್ತಿರ ನಿಂತೆ. ಕಾಲು ಗಂಟೆ ಕಣ್ಣು ಹದಕ್ಕೆ ಬರಲು ಬಿಟ್ಟೆವು. ಆಮೇಲೆ ಅಪ್ಪ ಕೊಳವೆಗೆ ಕಣ್ಣು ಹಚ್ಚಿದರು. ಬಹಳ ಹೊತ್ತು ನೋಡಿದರು. ಅವರಿಬ್ಬರ ಮಾತು ನಡೆದದ್ದು ಮರಾಠಿಯಲ್ಲಿ, ಆದರೆ ನನ್ನ ಮನಸ್ಸು ಅದನ್ನು ಕನ್ನಡದಲ್ಲೇ ಇಟ್ಟುಕೊಂಡಿದೆ.

"ಮುಂದಿನ ಕಿಡಿ ಯಾವ ಜಾಗಾದಾಗ ಬರ್ತದ, ಹೇಳಬಹುದೇನ್ರಿ?"

"ಇಲ್ಲ ಮಾಸ್ತರ. ಯಾರೂ ಹೇಳಲಾರರು."

"ನಮಗ ಗೊತ್ತಿಲ್ಲ ಅನ್ನೋದು ಬ್ಯಾರೆ, ಅಲ್ಲೆ ಏನೂ ಇಲ್ಲ ಅನ್ನೋದು ಬ್ಯಾರೆ. ನೀವು ಎರಡನೇದ್ದು ಹ್ಯಾಂಗ ಹೇಳ್ತೀರಿ?"

ಪ್ರೊಫೆಸರರು ಹೊರಗೆ ಬಂದು ಕರಿಹಲಗೆ ತುಂಬ ಬರೆದರು. ಅಪ್ಪ ಗಣಿತದ ಪ್ರತಿ ಸಾಲನ್ನೂ ಕೇಳಿ ಕೇಳಿ ಮುಂದೆ ಬಿಟ್ಟರು. ಕೊನೆಗೆ ಪ್ರೊಫೆಸರರು, "ಆಗುವವರೆಗೂ ಅದು ನಿಶ್ಚಯವಾಗಿರುವುದಿಲ್ಲ. ಆದ ಮೇಲೆ ನಿಶ್ಚಯ. ಅಷ್ಟೇ," ಎಂದು ಸುಣ್ಣದ ಕಡ್ಡಿ ಕೆಳಗಿಟ್ಟರು.

ಅಪ್ಪ ಕೊಡೆಯ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. "ಆಗೋತನಕ, ಆದ ಮ್ಯಾಲೆ ಅಂತೀರಿ. ಯಾರ ಗಡಿಯಾರದ ಪ್ರಕಾರರೀ? ನಿಂತವರ ಗಡಿಯಾರದ ಪ್ರಕಾರೋ, ಓಡೋರ ಗಡಿಯಾರದ ಪ್ರಕಾರೋ? ನನಗ ಇನ್ನೂ ಆಗಿಲ್ಲದ್ದು ಇನ್ನೊಬ್ಬರಿಗೆ ಆಗಿ ಹೋಗಿರಬಹುದು. ಆವಾಗ ಅದು ನಿಶ್ಚಯನೋ, ಅಲ್ಲೋ?"

ಪ್ರೊಫೆಸರರು ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. "ಮಾಸ್ತರ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಯುರೋಪಿನಲ್ಲಿ ದೊಡ್ಡ ದೊಡ್ಡವರ ಹತ್ತಿರವೂ ಇದ್ದಂತೆ ಕಾಣುವುದಿಲ್ಲ. ಒಂದು ಶಾಸ್ತ್ರಕ್ಕೆ 'ಈಗ' ಬೇಕು, ಇನ್ನೊಂದು ಅದನ್ನು ಕೊಡಲು ಒಲ್ಲೆ ಎನ್ನುತ್ತದೆ. ಎರಡನ್ನೂ ಪರೀಕ್ಷೆ ಮಾಡಿ ನೋಡಿದ್ದೇವೆ, ಎರಡೂ ಪಾಸು."

ದಾರಿಯುದ್ದಕ್ಕೂ ಅಪ್ಪ ಗೆಲುವಾಗಿದ್ದರು. ಮನೆಗೆ ಬಂದು ರುಮಾಲು ತೆಗೆದಿಟ್ಟು, ಅವ್ವ ಬಡಿಸಿದ ರೊಟ್ಟಿ ಮುರಿಯುತ್ತ, ಪ್ರೊಫೆಸರರು ಬಾಯಿ ತೆರೆದು ನಿಂತದ್ದನ್ನು ಎರಡು ಸಲ ಹೇಳಿದರು. ನನ್ನ ಗುರುಗಳು ಸೋತಂತೆ ನನಗೆ ಅನಿಸಿತು. ಆ ಸಿಟ್ಟಿಗೆ ನಾನು ಆಡಬಾರದ ಮಾತು ಆಡಿದೆ.

"ನಿಮಗ ಎಲ್ಲಾದಕ್ಕೂ ಕಾರಣ ಬೇಕು ಅಪ್ಪಾ. ಕಾರಣ ಇಲ್ಲ ಅಂದ್ರ ನೀವು ಹದಿನೆಂಟು ವರ್ಷ ಅದರ ಭಾರ ಹೊತ್ತದ್ದು ಸುಳ್ಳಾಗ್ತದ. ಅಣ್ಣ ಯಾಕ ಹೋದ, ನಾ ಯಾಕ ಉಳಿದೆ? ಒಂದ ಮನಿ, ಒಂದ ಹಾಸಿಗಿ. ಹಂಗ ಆತು, ಅಷ್ಟ. ಕಾರಣ ಇಲ್ಲ. ಪೇಪರ್ ತಿದ್ದಿದ್ದೂ ಕಾರಣ ಅಲ್ಲ."

ಸಮಾಧಾನ ಹೇಳುತ್ತಿದ್ದೇನೆಂದೇ ನಾನು ತಿಳಿದಿದ್ದೆ, ದೇವರಾಣೆಗೂ. ಅಪ್ಪ ಕೈಯಲ್ಲಿದ್ದ ತುತ್ತು ತಾಟಿನಲ್ಲಿಟ್ಟರು.

"ಆ ಕಿಡೀಗೂ ನನ್ನ ಮಗಗೂ ಒಂದ ಲೆಕ್ಕ ಹಚ್ಚಿದೆಲ್ಲಾ," ಎಂದರು. ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಆಮೇಲೆ ನಾಲ್ಕು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಕೋಪವಿದ್ದಂತೆ ಕಾಣಲಿಲ್ಲ. ಶಾಲೆಗೆ ಹೋಗುತ್ತಿದ್ದರು, ಬರುತ್ತಿದ್ದರು, ಕಿಟಕಿಯ ಪಕ್ಕದ ಆರಾಮ ಕುರ್ಚಿಯಲ್ಲಿ ಕೂತು ಅಂಗಳ ನೋಡುತ್ತಿದ್ದರು. ನಾನು ಎರಡು ಸಲ ಹತ್ತಿರ ಹೋಗಿ ವಾಪಸು ಬಂದೆ. ಐದನೆಯ ದಿನ ಬೆಳಿಗ್ಗೆ ಅವರು ಶಾಲೆಗೆ ಹೋದ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪ ನನಗ ಆಣಿ ಹಾಕ್ಯಾರ, ನಿನ್ನ ಮುಂದ ಹೇಳಬಾರದಂತ. ನಾ ಮುರೀತೀನಿ. ಪಾಪ ಬಂದ್ರ ನನಗ ಬರಲಿ." ಹಿಟ್ಟಿಗೆ ತುಸು ನೀರು ಚಿಮುಕಿಸಿದಳು. "ಅವರು ಪೇಪರಿಗಂತ ನಿಂತಿದ್ದಿಲ್ಲ. ಪೇಪರ್ ಗುಡಿಸಲದಾಗ ಕೂತೂ ತಿದ್ದಬಹುದಿತ್ತು. ನಿನಗ ದಡಾರ ಬಂದಿತ್ತು. ಮೈಯೆಲ್ಲಾ ಕೆಂಪಗಾಗಿ, ಜ್ವರದಾಗ ಕಣ್ಣ ತಗೀತಿದ್ದಿಲ್ಲ. ಆ ಥಂಡಿಯೊಳಗ, ಬಯಲಾಗ ಒಯ್ದ್ರ ಕೂಸು ಉಳಿಯಂಗಿಲ್ಲ, ಎರಡು ದಿವಸ ತಡೀರಿ ಅಂದ್ರು ಡಾಕ್ಟರು. ಕೆಳಗಿನ ಮನಿಯವರು ಹುಡುಗನ್ನಾದ್ರೂ ನಮ್ಮ ಜೋಡಿ ಕಳಸ್ರಿ ಅಂದ್ರು. ನಾನೂ ಅಂದೆ. ನಾಡಿದ್ದ ಎಲ್ಲಾರೂ ಕೂಡೇ ಹೋಗೋಣು ಅಂದ್ರು ನಿಮ್ಮಪ್ಪ."

"ಮತ್ತ ಪೇಪರ್ ಅಂತ ಯಾಕ ಹೇಳಿದ್ರು?"

"ನಿಮ್ಮ ಸೋದರತ್ತಿ ಬಂದು ಕೇಳಿದ್ರಲ್ಲಾ, ಯಾಕ ತಡಾ ಮಾಡಿದ್ರಿ ಅಂತ. ನೀ ನನ್ನ ತೊಡಿಮ್ಯಾಲ ಇದ್ದಿ. ಇವರು ನಿನ್ನ ಮಾರಿ ನೋಡಿದ್ರು, ಪೇಪರಿದ್ದೂ ಅಂದ್ರು. ಹೆಣ್ಣು ಕೂಸು. ಇದರ ಸಲುವಾಗಿ ಗಂಡು ಮಗ ಹೋದ ಅಂತ ಮಂದಿ ಜನ್ಮಪೂರ್ತಿ ಅನ್ನೋರು. ಅದು ನಿನ್ನ ಕಿವೀಗೆ ಬೀಳಬಾರದಂತ."

ನಾನು ಏನು ಹೇಳಿದೆನೋ ನೆನಪಿಲ್ಲ. ಅಂದು ಕಾಲೇಜಿಗೆ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಮಾಳಿಗೆಯ ಮೇಲೆ ಒಣಹಾಕಿದ ಸೀರೆಗಳ ನಡುವೆ ಕೂತಿದ್ದೆ. ಕಾರಣವಿಲ್ಲ ಎಂದು ಯಾರ ಎದುರು ವಾದ ಮಾಡಿದೆನೋ ಅವರು ಆ ಕಾರಣವನ್ನು ನನ್ನಿಂದ ಮುಚ್ಚಿಡಲಿಕ್ಕೆಂದೇ ಹದಿನೆಂಟು ವರ್ಷ ಎಲ್ಲರ ಬೈಗುಳ ತಿಂದಿದ್ದರು. ರೇಡಿಯಮ್ಮಿನ ಪರಮಾಣುವಿಗೆ ಅಪ್ಪನಿಲ್ಲ, ಅತ್ತೆಯಿಲ್ಲ, ದಡಾರ ಬಂದ ತಂಗಿಯಿಲ್ಲ. ಪ್ಲೇಗು ಹಾಗಲ್ಲ, ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮಗುವಿಗೆ ಬರುವ ದಾರಿ ಶಾಲೆಯ ಪುಸ್ತಕದಲ್ಲೇ ಇದೆ. ಇಷ್ಟು ಸಣ್ಣ ವ್ಯತ್ಯಾಸ ತಿಳಿಯದೆ ನಾನು ಒಂದು ಕಿಡಿಯನ್ನು ನಮ್ಮ ಮನೆಯೊಳಗೆ ತಂದು ಎಸೆದಿದ್ದೆ.

ಮುಂದಿನ ರವಿವಾರ ಅಪ್ಪ ತಾವಾಗಿಯೇ, "ನಡಿ, ಅಡ್ಡಾಡಿ ಬರೋಣು," ಎಂದರು. ನದಿ ದಾಟಿ ಭಾಂಬುರ್ಡೆಯ ಕಡೆಗೆ ನಡೆದೆವು. ಹೊಸ ಬಂಗಲೆಗಳು ಎದ್ದಿದ್ದವು. ನಡುನಡುವೆ ಇನ್ನೂ ಜೋಳದ ಹೊಲಗಳು ಉಳಿದಿದ್ದವು. ಒಂದು ಬೇವಿನ ಮರದ ಹತ್ತಿರ ಅವರು ನಿಂತರು. ಮುಂದಿದ್ದದ್ದು ಕುಯಿಲಾದ ಬರಿ ಹೊಲ.

"ಇಲ್ಲೇ ಗುಡಿಸಲಿದ್ದೂ. ನಮ್ಮದು ಆ ತುದೀಗೆ." ಕೊಡೆಯಿಂದ ತೋರಿಸಿದರು. "ಅವನು ಇದ್ದ ಅನ್ನೋದು ನನಗ ಬರಂಗಿಲ್ಲ ನೋಡು. ಇದ್ದಾನ. ಆ ಎಂಟು ವರ್ಷದಾಗ ಇದ್ದಾನ. ಗಣಿತಾ ಹಂಗ ಹೇಳ್ತದ. ಅದನ್ನ ನಾ ಬಿಟ್ಟು ಕೊಡಲಾರೆ. ನಿಮ್ಮ ಪ್ರೊಫೆಸರ್ ಏನ ಅನ್ನಲಿ."

ನಾನು ಕೇಳಿದೆ: "ಆ ಮನ್ಯಾಗ ನಾನೂ ಇದ್ದೀನೇನ್ರಿ? ದಡಾರ ಬಂದ ಕೂಸು?"

ಅಪ್ಪ ನನ್ನ ಕಡೆ ತಿರುಗಲಿಲ್ಲ. "ಹೇಳಿಬಿಟ್ಲೇನು ನಿಮ್ಮವ್ವ," ಎಂದರು.

"ಹೂಂ."

"ನಿನ್ನ ಸಲುವಾಗಿ ತಡಾ ಆತು, ಖರೆ. ಆದ್ರ ಅದು ನಿನ್ನ ತಪ್ಪಲ್ಲ. ಕೂಸಿನ ತಪ್ಪು ಹ್ಯಾಂಗ ಆದೀತು?"

"ಮತ್ತ ನಿಮ್ಮ ತಪ್ಪು ಹ್ಯಾಂಗ ಆತ್ರಿ? ಡಾಕ್ಟರ್ ಹೇಳಿದ್ದು ಕೇಳಿದ್ರಿ. ಒಂದು ಕೂಸು ಉಳಿಸಲಿಕ್ಕೆ ನಿಂತ್ರಿ."

"ಅವನ್ನ ಕಳಸಬಹುದಿತ್ತು."

"ನಾಡಿದ್ದ ಏನಾಗ್ತದಂತ ನಿಮಗ ಗೊತ್ತಿತ್ತೇನು?"

ಅವರು ರುಮಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನನ್ನ ಹೆಗಲಿನ ಮೇಲೆ ಕೈಯಿಟ್ಟು, ಅಳತೆ ತೆಗೆಯುವವರಂತೆ ಆ ಹೊಲದ ಉದ್ದಕ್ಕೂ ಒಮ್ಮೆ ನಡೆದು ಬಂದರು. ಅವ್ವ ಆಣೆ ಮುರಿದದ್ದಕ್ಕೆ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮುಂದಿನ ಸಲ ಸೋದರತ್ತೆ ಬಂದು ಪೇಪರಿನ ಮಾತು ತೆಗೆದಾಗ ಮಾತ್ರ ನಾನು ಅಡ್ಡ ಬಂದು ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮನಸ್ಸಿನಲ್ಲಿ ಏನು ಬಂತೋ, ಬಾಯಿಗೆ ಬರಲಿಲ್ಲ.

ನಾನು ಎಂ.ಎಸ್ಸಿ. ಮಾಡಿ ಅದೇ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆದೆ. ಎರಡನೆಯ ಯುದ್ಧ ಶುರುವಾದ ಹೊತ್ತಿಗೆ ಅಪ್ಪ ನಿವೃತ್ತರಾಗಿದ್ದರು. ಒಂದು ದಿನ ನನ್ನ ಮುಂದೆ ಹೊಸ ನೋಟ್‌ಬುಕ್ಕು ಇಟ್ಟು, "ನಿನ್ನ ಶಾಸ್ತ್ರ ಕಲಸು. ಬೈಯೋದಿದ್ರ ಓದಿ ಬೈಬೇಕು," ಎಂದರು. ಹೀಗೆ ನನ್ನ ಮೊದಲನೆಯ ವಿದ್ಯಾರ್ಥಿ ಅಪ್ಪನೇ. ಸಂಜೆ ಕಾಲೇಜಿನಿಂದ ಬಂದು ಚಹಾ ಕುಡಿದ ಮೇಲೆ ಒಂದು ತಾಸು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ನಾನು ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕಲಿತೆ. "ಗಣಿತಾ ಚಂದ ಅದ," ಎನ್ನುವರು. "ಮನಸು ಒಪ್ಪಂಗಿಲ್ಲ."

ಆ ಯುದ್ಧದ ಕೊನೆಯ ಆಗಸ್ಟಿನಲ್ಲಿ ಜಪಾನಿನ ಎರಡು ಊರುಗಳ ಸುದ್ದಿ ಬಂತು. ಅಪ್ಪ ಪೇಪರನ್ನು ಮಡಿಚಿಟ್ಟರು. "ಒಂದು ಸಾಸಿವಿಕಾಳಿನೊಳಗ ಎಷ್ಟು ಶಕ್ತಿ ಅದ ಅಂತ ನನ್ನ ಶಾಸ್ತ್ರ ಹೇಳ್ತು. ಅದನ್ನ ಹ್ಯಾಂಗ ತಗೀಬೇಕಂತ ನಿನ್ನದು ಹೇಳ್ತು. ಅಲ್ಲೆ ಎರಡೂ ಜಗಳಾಡಲಿಲ್ಲ ನೋಡು." ಆ ವಾರ ನಾವು ಪಾಠಕ್ಕೆ ಕೂಡಲಿಲ್ಲ.

ಅದರ ಮರುವರ್ಷ ಅವರು ಒಂದು ದೊಡ್ಡ ಲೆಕ್ಕಕ್ಕೆ ಕೈ ಹಚ್ಚಿದರು. ಕ್ವಾಂಟಮ್ಮಿನ ನಿಯಮಗಳನ್ನೇ ಹಿಡಿದು ಹೋದರೆ ಸಾಪೇಕ್ಷ ಸಿದ್ಧಾಂತಕ್ಕೆ ನೇರ ವಿರೋಧ ಬರುತ್ತದೆಂದು ತೋರಿಸಬೇಕು, ಒಂದು ಬೀಳಲೇಬೇಕು ಎಂಬುದು ಅವರ ಹಟ. ಐದು ತಿಂಗಳಲ್ಲಿ ನೋಟ್‌ಬುಕ್ಕು ತುಂಬಿತು. ವಯಸ್ಸಾಗಿದ್ದರೂ ಅಕ್ಷರಗಳು ಮುತ್ತಿನಂತಿದ್ದವು. ಮುಗಿಸಿದ ದಿನ ನನಗೆ ಕೊಟ್ಟು, "ತಿದ್ದು," ಎಂದರು.

ಹದಿನೇಳನೆಯ ಪುಟದಲ್ಲಿ ಒಂದು ಧನ ಚಿಹ್ನೆ ಋಣ ಆಗಬೇಕಿತ್ತು. ಅದನ್ನು ಸರಿಪಡಿಸಿದರೆ ಮುಂದಿನ ವಿರೋಧವೆಲ್ಲ ಕರಗಿ ಹೋಗುತ್ತಿತ್ತು. ನಾನು ಎರಡು ದಿನ ಹೇಳಲಿಲ್ಲ. ಎಪ್ಪತ್ತರ ಹತ್ತಿರ ಬಂದವರಿಗೆ ಇದನ್ನು ಹೇಳಬೇಕೇ ಎಂದು ಅವ್ವನನ್ನು ಕೇಳಿದೆ.

"ಮುಚ್ಚಿಟ್ಟದ್ದು ಸಾಕು ಈ ಮನಿಯೊಳಗ," ಎಂದಳು ಅವ್ವ.

ಪುಟ ತೆಗೆದು ಬೆರಳಿಟ್ಟು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ.

"ನಲವತ್ತು ವರ್ಷ ಹುಡುಗರ ಇದ ತಪ್ಪಿಗೆ ಮಾರ್ಕ್ಸ್ ಕಡದೀನಿ! ಹಂಗಾದ್ರ ನಿಂದು ಬೀಳಲಿಲ್ಲ."

"ಬೀಳಲಿಲ್ರೀ."

"ನಂದು?"

"ನಿಮ್ಮದೂ ನಿಂತದ್ರಿ."

"ಎರಡೂ ನಿಂತಾವು ಅಂದ್ರ ನಮಗ ತಿಳೀದ್ದು ಇನ್ನೂ ಏನೋ ಅದ," ಎಂದು ಅವರು ಆ ಚಿಹ್ನೆಯನ್ನು ಕೆಂಪು ಶಾಯಿಯಲ್ಲಿ ತಾವೇ ತಿದ್ದಿದರು.

ಮುಂದಿನ ಬೇಸಿಗೆಯಲ್ಲಿ, ಸ್ವಾತಂತ್ರ್ಯಕ್ಕೆ ಮೂರು ತಿಂಗಳಿದ್ದಾಗ, ಅಪ್ಪ ಎರಡು ದಿನದ ಜ್ವರದಲ್ಲಿ ಹೋದರು. ಪ್ರೊಫೆಸರರು ಮನೆಗೆ ಬಂದು ಅವ್ವನ ಮುಂದೆ ನೆಲದ ಮೇಲೆಯೇ ಕೂತರು. "ನಿಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ," ಎಂದರು ಮರಾಠಿಯಲ್ಲಿ. ಯಾವ ಪ್ರಶ್ನೆಯೆಂದು ಅವ್ವ ಕೇಳಲಿಲ್ಲ. ಅವರಿಗೆ ಚಹಾ ಮಾಡಲು ಎದ್ದಳು.

ಜೂನಿನಲ್ಲಿ ಕಾಲೇಜು ತೆರೆದಾಗ ಬಿ.ಎಸ್ಸಿ. ತರಗತಿಯಲ್ಲಿ ಐದು ಜನ ಹುಡುಗಿಯರಿದ್ದರು. ಮುಂದಿನ ಬೆಂಚು ಅವರಿಗೆ ಸಾಲದೆ ಇಬ್ಬರು ಎರಡನೆಯ ಬೆಂಚಿನಲ್ಲಿ ಕೂತಿದ್ದರು. ಆ ವರ್ಷ ಸಾಪೇಕ್ಷ ಸಿದ್ಧಾಂತದ ಪಾಠವನ್ನು ಪ್ರೊಫೆಸರರು ನನಗೆ ಬಿಟ್ಟುಕೊಟ್ಟಿದ್ದರು. ನಾನು ಮೊದಲನೆಯ ದಿನ ಏನೂ ಬರೆಯಲಿಲ್ಲ. ರೈಲಿನ ಕತೆ ಹೇಳಿದೆ.